ನಿವೃತ್ತ ಸೈನಿಕರು ಆಸ್ಪತ್ರೆಯ ಆಧ್ಯಾತ್ಮಿಕ ಆರೈಕೆಗೆ ಸಿದ್ಧರಾಗುವುದು ಹೇಗೆ?

ಸೇನೆಯಲ್ಲಿ ದುಡಿದು ಪಿಂಚಣಿಯೊಂದಿಗೆ ಹೊರಬರುವ ಜವಾನರಿಗೂ ಜೆಸಿಓಗಳಿಗೂ (ಸುಬೇದಾರರಂಥ ಜೂನಿಯರ್ ಕಮಿಷನ್ಡ್ ಅಧಿಕಾರಿಗಳಿಗೂ) ನಲವತ್ತರ ಆಸುಪಾಸಿನಲ್ಲಿಯೇ ಎರಡನೆಯ ವೃತ್ತಿಯ ಪ್ರಶ್ನೆ ಎದುರಾಗುತ್ತದೆ. ಪುಣೆಯಲ್ಲಿ ನೆಲೆನಿಂತ ನಮ್ಮ ಕಡೆಯ ನಿವೃತ್ತರಲ್ಲಿ ಅನೇಕರು ಬ್ಯಾಂಕಿನ ಕಾವಲು, ಕಂಪನಿಯ ಭದ್ರತಾ ವಿಭಾಗ, ಹೌಸಿಂಗ್ ಸೊಸೈಟಿಯ ಮೇಲ್ವಿಚಾರಣೆಯಂಥ ಕೆಲಸ ಹಿಡಿಯುತ್ತಾರೆ. ಆದರೆ ಕಾಯಿಲೆ ಬಿದ್ದವರ ಪಕ್ಕದಲ್ಲಿ ಕುಳಿತು, ಅವರ ಭಯವನ್ನೂ ನಂಬಿಕೆಯನ್ನೂ ಕೇಳಿಸಿಕೊಳ್ಳುವ ಕೆಲಸ ಮಾಡಬೇಕೆಂದು ಬಯಸುವವರೂ ನಮ್ಮ ನಡುವೆ ಇದ್ದಾರೆ. ಈ ಬರಹ ಅವರಿಗಾಗಿ. ಸೇನೆ ಬಿಟ್ಟು ಪುಣೆಯಲ್ಲೇ ಉಳಿದು, ಇದೇ ಕೆಲಸದಲ್ಲಿ ತೊಡಗಿಕೊಂಡಿರುವ ನಾನು ಇಲ್ಲಿ ಒತ್ತಿ ಹೇಳಬೇಕಾದದ್ದು ಒಂದೇ: ಸೈನಿಕನಿಗೆ ಸಾವಿನ ಎದುರು ನಿಲ್ಲುವ ಅಭ್ಯಾಸ ಇರುತ್ತದೆ, ಅದು ದೊಡ್ಡ ಬಂಡವಾಳ, ಆದರೆ ಎದುರಾದ ಸಮಸ್ಯೆಯನ್ನು ಕೂಡಲೇ ಬಗೆಹರಿಸಿ ವರದಿ ಒಪ್ಪಿಸುವ ಅಭ್ಯಾಸವೂ ಇರುತ್ತದೆ, ವಾರ್ಡಿನ ಬಾಗಿಲಲ್ಲಿ ಅದನ್ನು ಇಳಿಸಿಟ್ಟೇ ಒಳಗೆ ಹೋಗಬೇಕು.

ಹುದ್ದೆ ಎಲ್ಲಿದೆ?

ಅಮೆರಿಕ, ಬ್ರಿಟನ್‌ಗಳ ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡುವವರನ್ನು ಚಾಪ್ಲೆನ್ ಎನ್ನುತ್ತಾರೆ. ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿಯೇ ಇರುವ ಸರ್ಕಾರಿ ಆಸ್ಪತ್ರೆಗಳಲ್ಲೂ ಚಾಪ್ಲೆನ್‌ಗಳಿದ್ದಾರೆ, ಅವರಲ್ಲಿ ಹಲವರು ಸ್ವತಃ ಸೇನೆಯಲ್ಲಿ ದುಡಿದವರು. ರೋಗಿಯ ಹಾಸಿಗೆಯ ಬಳಿಯೇ ಕಲಿಸುವ ಅವರ ತರಬೇತಿಯ ಬೇರು 1925ರಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಆರಂಭಿಸಿದ ಪ್ರಯೋಗದಲ್ಲಿದೆ. ಇಂದು ಅಲ್ಲಿ ತರಬೇತಿಯ ಒಂದು ಘಟಕವೆಂದರೆ ಕನಿಷ್ಠ 400 ಗಂಟೆ, ಪೂರ್ಣ ಮಾನ್ಯತೆಗೆ ಅಂಥ ನಾಲ್ಕು ಘಟಕಗಳು ಬೇಕು.

ನಮ್ಮಲ್ಲಿ ಮಿಷನ್ ಆಸ್ಪತ್ರೆಗಳನ್ನು ಬಿಟ್ಟರೆ ಇಂಥದೊಂದು ಸಿದ್ಧ ಹುದ್ದೆ ಸಿಗುವುದು ಅಪರೂಪ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ, ಅಂದರೆ ಸಿಎಂಸಿಯಲ್ಲಿ, ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬೇರೆ ಕಡೆ ಇದೇ ಕೆಲಸವನ್ನು ಉಪಶಾಮಕ ಆರೈಕೆ (ಗಂಭೀರ ಕಾಯಿಲೆಯವರ ನೋವು, ಸಂಕಟಗಳನ್ನು ತಗ್ಗಿಸುವ ಆರೈಕೆ) ವಿಭಾಗದ ಸ್ವಯಂಸೇವಕ, ಆಪ್ತ ಸಮಾಲೋಚಕ, ವೈದ್ಯಕೀಯ ಸಮಾಜ ಕಾರ್ಯಕರ್ತ ಎಂಬ ಹೆಸರುಗಳಲ್ಲಿ ಮಾಡಬೇಕಾಗುತ್ತದೆ. ಸ್ವಯಂಸೇವಕರಾಗಿ ಸೇರಿದರೆ ಸಂಬಳವಿರುವುದಿಲ್ಲ, ಹೆಚ್ಚೆಂದರೆ ಓಡಾಟದ ಖರ್ಚು ಸಿಕ್ಕೀತು. ಆದ್ದರಿಂದ ಪಿಂಚಣಿಯಲ್ಲೇ ಮನೆ ನಡೆಯುವುದೇ, ಮಕ್ಕಳ ಓದು ಎಲ್ಲಿಗೆ ಬಂದಿದೆ ಎಂಬುದನ್ನು ಮನೆಯವರ ಜೊತೆ ಕುಳಿತು ಲೆಕ್ಕ ಹಾಕಿದ ಮೇಲೆಯೇ ಮುಂದುವರಿಯಿರಿ.

ಮೊದಲು ನಿಮ್ಮ ಮನಸ್ಸು

ಸೇನೆ ಬಿಟ್ಟ ಮರುತಿಂಗಳೇ ವಾರ್ಡಿಗೆ ಹೋಗಬೇಡಿ. ಜೊತೆಗಾರನನ್ನು ಕಳೆದುಕೊಂಡ ನೋವು, ಗಡಿಯಲ್ಲಿ ಕಂಡ ದೃಶ್ಯಗಳು, ಮಕ್ಕಳು ಬೆಳೆಯುವಾಗ ಜೊತೆಗಿರಲಿಲ್ಲವೆಂಬ ಕೊರಗು, ಇವೆಲ್ಲ ಒಳಗೆ ಹಸಿಯಾಗಿರುವಾಗ ಇನ್ನೊಬ್ಬರ ಸಂಕಟ ಕೇಳಲು ಕುಳಿತರೆ ನಾವು ಅವರದನ್ನು ಬಿಟ್ಟು ನಮ್ಮದನ್ನೇ ಕೇಳಿಸಿಕೊಳ್ಳುತ್ತಿರುತ್ತೇವೆ. ನಿದ್ದೆ ಕೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಕುಡಿತ ಹೆಚ್ಚುವುದು ಕಂಡುಬಂದರೆ ಮೊದಲು ನೀವೇ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಸೇನೆಯವರಿಗೂ ಅವರ ಕುಟುಂಬದವರಿಗೂ ಅದರದೇ ಒಂದು ವಿಶೇಷ ಘಟಕವನ್ನು 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿಯೇ (ಎಎಫ್‌ಎಂಸಿ) ತೆರೆಯಲಾಯಿತು.

ಕಲಿಕೆಯ ದಾರಿ

ಸೇನೆಯಲ್ಲಿ ಧರ್ಮಗುರುವಾಗಿ, ಅಂದರೆ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ ಅಥವಾ ಬೌದ್ಧ ಭಿಕ್ಷುವಾಗಿ ದುಡಿದ ಜೆಸಿಓಗಳಿಗೆ ಈ ದಾರಿ ಎಲ್ಲರಿಗಿಂತ ಹತ್ತಿರ. ಆಸ್ಪತ್ರೆಯಲ್ಲಿರುವ ರೋಗಿಗಳನ್ನು ಕಾಣುವುದು, ಚೇತರಿಸಿಕೊಳ್ಳುತ್ತಿರುವವರ ಜೊತೆ ಪ್ರಾರ್ಥನೆ ಓದುವುದು, ಅಂತ್ಯಕ್ರಿಯೆ ನಡೆಸಿಕೊಡುವುದು ಅವರ ನೇಮಕಾತಿಯ ಕರ್ತವ್ಯಗಳಲ್ಲೇ ಸೇರಿವೆ. ಅವರಿಗೆ ತರಬೇತಿ ಕೊಡುವ ರಾಷ್ಟ್ರೀಯ ಭಾವೈಕ್ಯ ಸಂಸ್ಥೆ ಇರುವುದೂ ಪುಣೆಯಲ್ಲೇ. ಉಳಿದ ನಮಗೆ ಅಷ್ಟು ಇಲ್ಲದಿದ್ದರೂ, ಸೇನಾ ಘಟಕದ ಸರ್ವಧರ್ಮ ಸ್ಥಳದಲ್ಲಿ, ಅಂದರೆ ಎಲ್ಲ ಧರ್ಮದವರೂ ಸೇರುವ ಪ್ರಾರ್ಥನಾ ಸ್ಥಳದಲ್ಲಿ, ಪರರ ಹಬ್ಬಕ್ಕೂ ನಮ್ಮದಕ್ಕೂ ಒಂದೇ ಸಾಲಿನಲ್ಲಿ ನಿಂತು ಬಂದ ರೂಢಿಯಿದೆ, ಅದು ಸಣ್ಣದಲ್ಲ.

ಇನ್ನೂ ಸೇವೆಯಲ್ಲಿದ್ದು ನಿವೃತ್ತಿ ಹತ್ತಿರವಾಗಿದ್ದರೆ, ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ನಡೆಸುವ ಕೋರ್ಸುಗಳ ಪಟ್ಟಿಯಲ್ಲಿ ಆರೋಗ್ಯ ಸೇವೆಗೆ ಸಂಬಂಧಿಸಿದವನ್ನು ನೋಡಿ. ಸಂಬಳದ ಹುದ್ದೆಯೇ ಗುರಿಯಾಗಿದ್ದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಅದನ್ನು ಆಪ್ತ ಸಮಾಲೋಚನೆಯ ವಿಶೇಷ ವಿಷಯದೊಂದಿಗೆ ದೂರಶಿಕ್ಷಣದಲ್ಲಿ ಓದಬಹುದು. ಸೇನೆ ಕೊಡುವ ಪದವಿ ಸಮಾನ ಪ್ರಮಾಣಪತ್ರ ಗ್ರೂಪ್ ಸಿ ನೌಕರಿಗಳಿಗಾಗಿ ಇರುವಂಥದು, ಆದ್ದರಿಂದ ಅದನ್ನೇ ನಂಬಿ ಶುಲ್ಕ ಕಟ್ಟುವ ಮೊದಲು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ವಿಚಾರಿಸಿಕೊಳ್ಳಿ.

ಆದರೆ ನಿಜವಾದ ಕಲಿಕೆ ಉಪಶಾಮಕ ಆರೈಕೆ ಕೇಂದ್ರಗಳಲ್ಲಿ. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಸಾವಿನ ಹತ್ತಿರವಿರುವವರ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್, ಸಾಯುತ್ತಿರುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಮನೆಯದು, ನಂಬಿಕೆಯದು ಎಲ್ಲ ಸೇರಿದ್ದು ಎಂದು ತೋರಿಸಿಕೊಟ್ಟರು. ಆ ತಿಳಿವಳಿಕೆಯ ಮೇಲೆ ನಿಂತ ಸಂಸ್ಥೆಗಳು ನಮ್ಮ ಹತ್ತಿರವೂ ಇವೆ: ಪುಣೆಯ ವಾರ್ಜೆಯಲ್ಲಿ 1997ರಿಂದ ನಡೆಯುತ್ತಿರುವ ಸಿಪ್ಲಾ ಉಪಶಾಮಕ ಆರೈಕೆ ಮತ್ತು ತರಬೇತಿ ಕೇಂದ್ರ, ಮುಂಬೈಯ ಬಾಂದ್ರಾದಲ್ಲಿ 1986ರಲ್ಲಿ ಆರಂಭವಾದ ಶಾಂತಿ ಅವೇದನಾ ಸದನ, ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಉಪಶಾಮಕ ವಿಭಾಗ. ಅನುಭವಿ ನರ್ಸ್ ಒಬ್ಬರು ರೋಗಿಯ ಹುಣ್ಣು ತೊಳೆಯುತ್ತಾ ಮಾತಾಡುವ ಬಗೆಯನ್ನು ಹತ್ತಿರ ನಿಂತು ಗಮನಿಸಿ. ಯಾವ ಪುಸ್ತಕವೂ ಅಷ್ಟು ಕಲಿಸುವುದಿಲ್ಲ.

ಆಸ್ಪತ್ರೆಗೆ ಅರ್ಜಿ

ನೇರವಾಗಿ ಆಡಳಿತ ಕಚೇರಿಗೆ ಹೋಗುವ ಬದಲು ಸಮಾಜ ಸೇವಾ ವಿಭಾಗದ ಮುಖ್ಯಸ್ಥರನ್ನೋ ಮೇಟ್ರನ್ ಅವರನ್ನೋ ಕಾಣಿರಿ. ಅರ್ಜಿಯಲ್ಲಿ ಧರ್ಮಬೋಧನೆಯ ಮಾತು ಬೇಡ. ಕನ್ನಡ, ಮರಾಠಿ, ಹಿಂದಿ ಬರುತ್ತವೆ, ವಾರದಲ್ಲಿ ಇಂಥ ದಿನ ಇಷ್ಟು ಹೊತ್ತು ಬರಬಲ್ಲೆ, ಯಾರ ಕೈಕೆಳಗೆ ಬೇಕಾದರೂ ಕೆಲಸ ಮಾಡುತ್ತೇನೆ ಎಂಬುದನ್ನು ಬರೆಯಿರಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ವಿಜಯಪುರ, ಕಲಬುರಗಿಗಳಿಂದ ಪುಣೆಗೆ ಬರುವ ರೋಗಿಗಳ ಕನ್ನಡ ತಿಳಿಯುವವರು ವಾರ್ಡಿನಲ್ಲಿ ಕಡಿಮೆ, ಹಾಗಾಗಿ ಭಾಷೆಯೊಂದೇ ನಿಮಗೆ ಬಾಗಿಲು ತೆರೆಸಬಹುದು. ಡಿಸ್ಚಾರ್ಜ್ ಬುಕ್ಕಿನ ಪ್ರತಿ ಮತ್ತು ಪೊಲೀಸ್ ಪರಿಶೀಲನೆಯ ಪತ್ರ ಸಿದ್ಧವಿರಲಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳಿಗೆ ಆರು ತಿಂಗಳು ಹಿಡಿಯುವುದರಿಂದ ಅದನ್ನು ಮೊದಲೇ ಶುರುಮಾಡಿ.

ಹಾಸಿಗೆಯ ಪಕ್ಕದಲ್ಲಿ

ವಾರ್ಡಿಗೆ ಕಾಲಿಟ್ಟೊಡನೆ ಡ್ಯೂಟಿ ಸಿಸ್ಟರ್ ಬಳಿ ಹೋಗಿ, ಇವತ್ತು ಯಾರನ್ನು ಕಾಣಬಹುದು, ಯಾರನ್ನು ಕಾಣಬಾರದು ಎಂದು ಕೇಳಿ. ಬೆಳಿಗ್ಗೆ ರೌಂಡ್ಸ್ ಇರುವುದರಿಂದ ಮಧ್ಯಾಹ್ನದ ಊಟವಾದ ಮೇಲಿನ ಹೊತ್ತು ಒಳ್ಳೆಯದು. ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸ್ಯಾನಿಟೈಜರ್‌ನಿಂದ 20ರಿಂದ 30 ಸೆಕೆಂಡು ಕೈ ಉಜ್ಜಿಕೊಳ್ಳಬೇಕು, ಸೋಪು ನೀರಾದರೆ 40ರಿಂದ 60 ಸೆಕೆಂಡು. ರೋಗಿಯ ಬಳಿ ಹೋದಾಗ ಎದೆ ಸೆಟೆಸಿ ಕಾಲ ಬಳಿ ನಿಲ್ಲಬಾರದು, ಅದು ತಪಾಸಣೆಗೆ ಬಂದವರ ನಿಲುವು. ಹೆಸರು ಹೇಳಿ, ಕುಳಿತುಕೊಳ್ಳಲೇ ಎಂದು ಅಪ್ಪಣೆ ಕೇಳಿ, ಸ್ಟೂಲ್ ಎಳೆದು, ನಿಮ್ಮ ಕಣ್ಣು ಅವರ ಕಣ್ಣಿಗಿಂತ ಮೇಲಿರದಂತೆ ಕೂರಿರಿ. ಬೇಡವೆಂದರೆ ಬೇಸರಿಸದೆ ಎದ್ದು ಬನ್ನಿ. ಆಸ್ಪತ್ರೆಯಲ್ಲಿ ರೋಗಿ ಬೇಡವೆನ್ನಬಹುದಾದ ಸಂಗತಿಗಳು ತೀರ ಕಡಿಮೆ; ನಿಮ್ಮನ್ನು ಬೇಡವೆನ್ನುವ ಹಕ್ಕು ಸಿಕ್ಕಿದರೆ ಅದೂ ಅವರಿಗೆ ಒಂದು ಆರೈಕೆಯೇ.

ಇಂಡಿ ತಾಲ್ಲೂಕಿನ ನಿಂಬೆ ತೋಟದ ರೈತರೊಬ್ಬರು ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ, "ನಾ ಯಾರಿಗಿ ಏನ್ ಕೇಡ ಮಾಡೀನ್ರಿ ಸಾಹೇಬ್ರ? ನನಗ್ಯಾಕ ಹಿಂತಾದ್ ಬಂತು?" ಎಂದು ಕೇಳಿದರು. ಇಂಥ ಪ್ರಶ್ನೆಗೆ ಪೂರ್ವಜನ್ಮದ ಕರ್ಮವೆಂದೋ, ದೇವರ ಪರೀಕ್ಷೆಯೆಂದೋ, ತಂಬಾಕು ತಿಂದದ್ದರ ಫಲವೆಂದೋ ಉತ್ತರ ಕೊಡಬಾರದು. "ಹಂಗ ಯಾವಾಗಿಂದ ಅನಸಲಾಕತ್ತದ್ರಿ, ಕಾಕಾ?" ಎಂದಷ್ಟೇ ಕೇಳಿ ಸುಮ್ಮನಿದ್ದೆ. ಅವರು ಬಹಳ ಹೊತ್ತು ಸಲೈನ್ ಬಾಟಲಿಯನ್ನೇ ನೋಡುತ್ತಿದ್ದರು. ಆಮೇಲೆ ಬತ್ತಿದ ಬೋರ್‌ವೆಲ್ಲಿನ ಮಾತು ಬಂತು, ಅದರ ಹಿಂದೆ ಸಾಲದ ಮಾತು, ಎಲ್ಲದರ ಕೊನೆಗೆ ಇನ್ನೂ ಮದುವೆಯಾಗದ ಮಗಳ ಮಾತು. ದೇವರ ಮೇಲಿನ ಸಿಟ್ಟಿನ ಕೆಳಗೆ ಇದ್ದದ್ದು ಅದು. ಅವರ ಒಪ್ಪಿಗೆ ಪಡೆದು ಸಮಾಜ ಕಾರ್ಯಕರ್ತೆಗೆ ಹೇಳಿದ್ದರಿಂದ ಚಿಕಿತ್ಸೆಯ ಖರ್ಚಿನ ಒಂದು ಭಾಗಕ್ಕೆ ದಾರಿಯಾಯಿತು. ಮಗಳ ವಿಷಯದಲ್ಲಿ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ; ಅವರು ಆಕೆಯ ಬಗ್ಗೆ ಹೇಳುವಷ್ಟೂ ದಿನ ಕೇಳಿದೆ.

ಮಾತು ಹೇಗೆ ಆರಂಭಿಸಬೇಕೆಂದು ತೋಚದವರಿಗೆ ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ 1990ರ ದಶಕದಲ್ಲಿ ರೂಪಿಸಿದ ನಾಲ್ಕು ಪ್ರಶ್ನೆಗಳ ಕ್ರಮ ಉಪಯೋಗಕ್ಕೆ ಬರುತ್ತದೆ. ಅದನ್ನು ನಮ್ಮ ರೀತಿಯಲ್ಲಿ ಕೇಳುವುದಾದರೆ: ಕಷ್ಟ ಬಂದಾಗ ನಿಮಗೆ ಧೈರ್ಯ ಕೊಡುವುದು ಯಾವುದು, ಈ ಕಾಯಿಲೆಯಲ್ಲಿ ಅದು ಎಷ್ಟರಮಟ್ಟಿಗೆ ಜೊತೆಗಿದೆ, ನಿಮ್ಮವರು ಎನ್ನುವವರು ಯಾರು, ಈ ವಿಷಯದಲ್ಲಿ ನಾವೇನು ಮಾಡಬೇಕೆಂದು ಬಯಸುತ್ತೀರಿ. ಇದನ್ನು ಫಾರ್ಮ್ ತುಂಬಿಸುವಂತೆ ಒಂದರ ಹಿಂದೊಂದು ಕೇಳಬೇಡಿ, ಎರಡು ಮೂರು ಭೇಟಿಗಳಲ್ಲಿ ಹರಡಿಕೊಳ್ಳಲಿ.

ಪೂಜೆ, ಪ್ರಸಾದ, ಕೊನೆಯ ಗಳಿಗೆ

ಆಕ್ಸಿಜನ್ ಇರುವ ಕಡೆ ಊದುಬತ್ತಿ, ಕರ್ಪೂರ, ದೀಪ ಕೂಡದು, ಬೆಂಕಿ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಆಪರೇಷನ್ನಿಗೆ ಮುನ್ನ ಬಾಯಿಗೆ ಏನೂ ಕೊಡಬಾರದೆಂದು ಹೇಳಿದ ರೋಗಿಗೆ ಒಂದು ಚಮಚ ತೀರ್ಥವೂ ಅಪಾಯ ತಂದೀತು. ಕಿಡ್ನಿ ಕಾಯಿಲೆಯವರಿಗೆ ಪ್ರೀತಿಯಿಂದ ತಂದ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದು ಅದು ಹೃದಯಕ್ಕೆ ಮಾರಕವಾಗಬಹುದು. ಕೀಮೋ ನಡೆಯುತ್ತಿರುವವರಿಗೆ ಹೊರಗಿನ ಪ್ರಸಾದ, ಹೂವು ಬೇಡ. ಹಣೆಗೆ ವಿಭೂತಿ ಹಚ್ಚುವುದಕ್ಕೂ ಸಿಸ್ಟರನ್ನು ಒಂದು ಮಾತು ಕೇಳಿಬಿಡುವುದು ಒಳ್ಳೆಯದು.

ನಿಮ್ಮದಲ್ಲದ ಧರ್ಮದ ವಿಧಿಯನ್ನು ನೀವೇ ನೆರವೇರಿಸಲು ಹೋಗಬೇಡಿ. ಜಂಗಮರು, ಮೌಲ್ವಿ, ಪಾದ್ರಿ, ಗುರುದ್ವಾರದ ಗ್ರಂಥಿ, ಜೈನ ಬಸದಿಯವರು ಎಲ್ಲರ ದೂರವಾಣಿ ಸಂಖ್ಯೆ ಕೈಯಲ್ಲಿರಲಿ. ಲಿಂಗಾಯತರಲ್ಲಿ ಹೂಳುವ ಸಂಪ್ರದಾಯವಿದೆ, ಮುಸ್ಲಿಮರಲ್ಲಿ ಮೃತದೇಹಕ್ಕೆ ಸ್ನಾನ ಮಾಡಿಸಿ ಬೇಗ ದಫನ್ ಮಾಡಬೇಕು, ಕ್ಯಾಥೊಲಿಕ್ ರೋಗಿಗೆ ತೈಲ ಲೇಪನದ ಸಂಸ್ಕಾರವನ್ನು ಪಾದ್ರಿಯೇ ನೀಡಬೇಕು. ಮೊದಲೇ ತಿಳಿದಿದ್ದರೆ ದೇಹ ಬಿಟ್ಟುಕೊಡುವ ಕಾಗದಪತ್ರಗಳನ್ನು ಬೇಗ ಮುಗಿಸಿಕೊಡುವಂತೆ ಸಿಬ್ಬಂದಿಯನ್ನು ಕೇಳಿಕೊಳ್ಳಬಹುದು. ಆದರೆ ಪೊಲೀಸ್ ಪ್ರಕರಣವಾಗಿದ್ದರೆ ಮರಣೋತ್ತರ ಪರೀಕ್ಷೆ ತಡೆಯಲಾಗದು. ಅದನ್ನು ಕುಟುಂಬಕ್ಕೆ ಮೆಲ್ಲಗೆ, ಸ್ಪಷ್ಟವಾಗಿ ತಿಳಿಸುವಾಗ ವೈದ್ಯರ ಜೊತೆ ನಿಂತಿರಿ. ರೋಗದ ಸ್ಥಿತಿಯನ್ನು ಹೇಳುವುದು ವೈದ್ಯರ ಕೆಲಸ, ಎಂದಿಗೂ ನಿಮ್ಮದಲ್ಲ. ವೆಂಟಿಲೇಟರ್ ತೆಗೆಸೋಣವೇ ಎಂದು ಮನೆಯವರು ಕೇಳಿದರೂ ಸಲಹೆ ಕೊಡಬಾರದು. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಹೇಳಿ 2023ರಲ್ಲಿ ಸರಳಗೊಳಿಸಿದ ಕ್ರಮದಂತೆ ವೈದ್ಯರ ಮಂಡಳಿಗಳು ನೋಡಿಕೊಳ್ಳುವ ವಿಷಯವದು. ರೋಗಿಗೆ ಪ್ರಜ್ಞೆಯಿದ್ದಾಗ ಈ ಬಗ್ಗೆ ಏನಾದರೂ ಹೇಳಿದ್ದರೇ ಎಂದು ಕೇಳಿ, ಮನೆಯವರು ನೆನಪಿಸಿಕೊಳ್ಳುವಂತೆ ಮಾಡುವುದಷ್ಟೇ ನಿಮ್ಮ ಪಾಲು.

ಮಾಜಿ ಸೈನಿಕ ರೋಗಿಗಳು

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್ ಹಿಡಿದು ಬರುವ ಹಿರಿಯರು ನಮ್ಮೊಂದಿಗೆ ಮೊದಲ ಮಾತಿನಲ್ಲೇ ಪಲ್ಟನ್ ಯಾವುದೆಂದು ಕೇಳಿ ಹತ್ತಿರವಾಗುತ್ತಾರೆ. ಹೊರಗಿನವರಿಗೆ ಹೇಳದ್ದನ್ನು ನಮ್ಮ ಹತ್ತಿರ ಹೇಳುತ್ತಾರೆ: ಪಕ್ಕದವನು ಬಿದ್ದ, ನಾನು ಉಳಿದೆ, ಅಪ್ಪಣೆಯಂತೆ ನಡೆದೆ, ಇವತ್ತಿಗೂ ಮನಸ್ಸು ಒಪ್ಪುತ್ತಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ ಇಂಥ ಸಂಕಟವನ್ನು ನೈತಿಕ ಗಾಯವೆಂದು ಕರೆದರು. ಇದು ಭಯದಿಂದ ಹುಟ್ಟಿದ್ದಲ್ಲ, ಸರಿ ತಪ್ಪುಗಳ ಬಗೆಗಿನ ನಂಬಿಕೆಗೆ ಬಿದ್ದ ಪೆಟ್ಟು. "ನೀವು ಡ್ಯೂಟಿ ಮಾಡಿದಿರಿ, ಬಿಟ್ಟುಬಿಡಿ" ಎಂದು ಸಮಾಧಾನ ಹೇಳಿದರೆ ಅವರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ನಿಮ್ಮ ಯುದ್ಧದ ಕಥೆಯನ್ನೂ ಆಗ ತೆಗೆಯಬೇಡಿ. ಸತ್ತ ಗೆಳೆಯನ ಹೆಸರು ಕೇಳಿ, ಅವನು ಹೇಗಿದ್ದನೆಂದು ಕೇಳಿ. ಬದುಕು ಮುಗಿಸಿಕೊಳ್ಳುವ ಮಾತು ಬಂದರೆ ಮಾತ್ರ ಗುಟ್ಟು ಕಾಯುವಂತಿಲ್ಲ. ಅವರಿಗೆ ಹೇಳಿಯೇ, ಪಕ್ಕದಿಂದ ಏಳದೆ, ಸಿಸ್ಟರನ್ನು ಕರೆಸಿ.

ದಿನಚರಿ ಮತ್ತು ಚಾರ್ಜ್

ಭೇಟಿಯಾದ ಮೇಲೆ ಆಸ್ಪತ್ರೆಯ ಪುಸ್ತಕದಲ್ಲಿ ಎರಡು ಸಾಲು ಬರೆದರೆ ಸಾಕು: ಯಾರನ್ನು ಕಂಡಿರಿ, ತಂಡಕ್ಕೆ ತಿಳಿಯಲೇಬೇಕಾದದ್ದು ಏನಾದರೂ ಇದೆಯೇ ಎಂಬಷ್ಟು. ರೋಗಿ ಮನಸ್ಸು ಬಿಚ್ಚಿ ಹೇಳಿದ್ದು ಅಲ್ಲಿಯೂ ಬೇಡ, ಮನೆಯಲ್ಲಿಯೂ ಬೇಡ, ಮಾಜಿ ಸೈನಿಕರ ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ತಿಂಗಳಿಗೊಮ್ಮೆಯಾದರೂ ವಿಭಾಗದ ಸಮಾಲೋಚಕರ ಮುಂದೆ ಕುಳಿತು ನಿಮ್ಮ ಮೇಲಾದ ಭಾರವನ್ನು ಹೇಳಿಕೊಳ್ಳುವ ಏರ್ಪಾಟನ್ನು ಸೇರುವಾಗಲೇ ಕೇಳಿ ಪಡೆಯಿರಿ.

ಶುಕ್ರವಾರ ಬರುತ್ತೇನೆಂದು ಹೇಳಿದ್ದರೆ ಶುಕ್ರವಾರವೇ ಹೋಗಬೇಕು, ಹಾಸಿಗೆಯಲ್ಲಿರುವವರು ಆ ದಿನವನ್ನು ಲೆಕ್ಕವಿಟ್ಟಿರುತ್ತಾರೆ. ಊರಿಗೆ ಹೋಗುವುದಿದ್ದರೆ ಘಟಕದಲ್ಲಿ ಚಾರ್ಜ್ ಒಪ್ಪಿಸುತ್ತಿದ್ದ ಹಾಗೆಯೇ, ನೀವು ಕಾಣುತ್ತಿರುವವರ ಹೆಸರು, ಹಾಸಿಗೆ ಸಂಖ್ಯೆ, ಮಾತಾಡುವ ಭಾಷೆ, ಕರೆಸಬೇಕಾದ ಗುರುಗಳ ಫೋನ್ ನಂಬರ್ ಬರೆದು ಇನ್ನೊಬ್ಬ ಸ್ವಯಂಸೇವಕರ ಕೈಗೆ ಕೊಡಿ. ಹೊರಡುವ ಮೊದಲು ಅವರನ್ನು ಕರೆದುಕೊಂಡು ಹೋಗಿ ಪ್ರತಿ ರೋಗಿಗೂ ಪರಿಚಯಿಸಿ, ನೀವು ಮರಳುವ ದಿನವನ್ನು ತಿಳಿಸಿ.