ಗೋಕರ್ಣದಲ್ಲಿ ಎರಡು ದಿನ: ಎಲ್ಲಿ ಉಣ್ಣಬೇಕು, ಏನು ಕುಡಿಯಬೇಕು, ಯಾವ ದಾರಿ ಹಿಡಿಯಬೇಕು

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿಗೆ ಸೇರಿದ ಗೋಕರ್ಣವು ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ ಎಂಬ ಎರಡು ನದಿಗಳ ಅಳಿವೆಗಳ ನಡುವೆ ಇದೆ. ವಾರಾಂತ್ಯಕ್ಕೆಂದು ಬರುವ ಹಲವರು ಬಸ್ಸಿನಿಂದ ಇಳಿದವರೇ ಓಂ ಬೀಚಿಗೆ ಆಟೊ ಹಿಡಿದು, ಅಲ್ಲಿಯೇ ಪಾಸ್ತಾ, ಪ್ಯಾನ್‌ಕೇಕ್ ತಿಂದು ಊರಿಗೆ ಮರಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲವಾದರೂ ಪೇಟೆಯ ಊಟ, ಗುಡ್ಡದ ಕಾಲುದಾರಿ, ಅಳಿವೆಯ ಮೀನು ಮೂರೂ ಕೈತಪ್ಪುತ್ತವೆ. ನಿಧಾನದ ಊರೆಂದು ಹೆಸರಾದ ಗೋಕರ್ಣದಲ್ಲಿ ದೇವಸ್ಥಾನಕ್ಕೆ, ಊಟಕ್ಕೆ, ಸಮುದ್ರಕ್ಕೆ ಒಂದೊಂದು ಹೊತ್ತಿದೆ. ಆ ಹೊತ್ತಿಗೆ ತಕ್ಕಂತೆ ತಿರುಗಾಟವನ್ನು ಹೊಂದಿಸಿಕೊಂಡರೆ ಎರಡು ದಿನ ಸಾಕು.

ಮೊದಲು ಕಾಲವನ್ನು ಆರಿಸಿಕೊಳ್ಳಿ

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗಿನ ತಿಂಗಳುಗಳು ಎಲ್ಲಕ್ಕಿಂತ ಅನುಕೂಲ. ಮಳೆಗಾಲದಲ್ಲಿ ಕಡಲು ಉಗ್ರವಾಗಿರುತ್ತದೆ, ದಂಡೆಯ ಗುಡಿಸಲು ಹೋಟೆಲುಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ತಾಜಾ ಕಡಲಮೀನು ಸಿಗುವುದೂ ಕಡಿಮೆ. ಶಿವರಾತ್ರಿಯ ಸಮಯದಲ್ಲಿ ಮಹಾರಥ ಎಳೆಯುವುದನ್ನು ನೋಡಲು ಊರು ತುಂಬುತ್ತದೆ. ಜಾತ್ರೆಯನ್ನೇ ನೋಡಬೇಕೆನ್ನುವವರು ಕೊಠಡಿಯನ್ನು ಬಹಳ ಮುಂಚೆ ಕಾಯ್ದಿರಿಸಬೇಕು, ಸದ್ದಿಲ್ಲದ ದಂಡೆ ಬೇಕೆನ್ನುವವರು ಆ ವಾರವನ್ನೂ ಹೊಸ ವರ್ಷದ ವಾರವನ್ನೂ ಬಿಟ್ಟುಬಿಡಬೇಕು.

ತಂಗುವ ಜಾಗವನ್ನು ಮೊದಲೇ ನಿರ್ಧರಿಸಿ

ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಗೋಕರ್ಣ ರೋಡ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿಂದ ಪೇಟೆ ಸುಮಾರು 10 ಕಿಲೋಮೀಟರ್. ಹಿರಿಯರನ್ನು ಕರೆತಂದವರು ಪೇಟೆಯಲ್ಲಿಯೇ ಉಳಿಯುವುದು ಒಳ್ಳೆಯದು. ಉಳಿದವರಿಗೆ ಕೂಡ್ಲೆ ಬೀಚು ಸೂಕ್ತವೆಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿಂದ ಪೇಟೆಗೂ ಓಂ ಬೀಚಿಗೂ ನಡೆದೇ ಹೋಗಬಹುದು. ಸಾಕಷ್ಟು ನಗದು ಇಟ್ಟುಕೊಳ್ಳಿ. ಗುಡ್ಡದ ಕೆಳಗೆ ಮೊಬೈಲ್ ಸಿಗ್ನಲ್ ಕೈಕೊಟ್ಟಾಗ ಹಣ ಪಾವತಿಯ ಆ್ಯಪ್‌ಗಳು ಕೆಲಸಕ್ಕೆ ಬರುವುದಿಲ್ಲ.

ಮೊದಲ ದಿನದ ಬೆಳಿಗ್ಗೆಯನ್ನು ಪೇಟೆಗೆ ಮೀಸಲಿಡಿ

ಮಹಾಬಲೇಶ್ವರ ದೇವಸ್ಥಾನದಲ್ಲಿ ಬೆಳಗಿನ ದರ್ಶನ ಮಧ್ಯಾಹ್ನದ ಹೊತ್ತಿಗೆ ಮುಗಿದು ಬಾಗಿಲು ಮತ್ತೆ ತೆರೆಯುವುದು ಸಂಜೆಗೆ. ಆದ್ದರಿಂದ ಮೊದಲ ಕೆಲಸ ಇದೇ ಆಗಲಿ. ಗಂಡಸರು ಅಂಗಿ ಕಳಚಿ ಪಂಚೆಯುಟ್ಟು ಒಳಗೆ ಹೋಗಬೇಕು. ಚಡ್ಡಿ ತೊಟ್ಟು ಸರತಿಯಲ್ಲಿ ನಿಂತು ಬಾಗಿಲ ಬಳಿ ವಾದಕ್ಕಿಳಿಯುವ ಪ್ರವಾಸಿಗರನ್ನು ಅಲ್ಲಿಯವರು ಸಾಕಷ್ಟು ಕಂಡಿದ್ದಾರೆ. ಆತ್ಮಲಿಂಗವನ್ನು ರಾವಣನ ಕೈತಪ್ಪಿಸಿ ನೆಲಕ್ಕಿಳಿಸಿದವನು ಗಣಪತಿ ಎಂಬ ಸ್ಥಳಪುರಾಣವಿರುವುದರಿಂದ ಪಕ್ಕದ ಮಹಾಗಣಪತಿ ಗುಡಿಗೆ ಮೊದಲು ಕೈಮುಗಿಯುವುದು ರೂಢಿ. ಬಳಿಕ ಕೋಟಿತೀರ್ಥದ ಕೆರೆಯವರೆಗೆ ನಡೆದು ಬನ್ನಿ. ಅಲ್ಲಿ ಪಿತೃಕಾರ್ಯಕ್ಕೆ ಬಂದ ಕುಟುಂಬಗಳು ಇರುತ್ತವೆ, ಅವರತ್ತ ಕ್ಯಾಮೆರಾ ತಿರುಗಿಸಬಾರದು.

ಉಪಾಹಾರಕ್ಕೆ ಬನ್ಸ್ ಕೇಳಿ. ಕಳಿತ ಬಾಳೆಹಣ್ಣನ್ನು ಮೈದಾಹಿಟ್ಟಿಗೆ ಕಲಸಿ ರಾತ್ರಿಯಿಡೀ ಬಿಟ್ಟು ಕರಿಯುವ ಈ ತಿಂಡಿ ಬಿಸಿಯಿದ್ದಾಗಲೇ ರುಚಿ. ಹತ್ತು ಗಂಟೆ ದಾಟಿದ ಮೇಲೆ ಸಿಕ್ಕರೂ ಅದು ಬೆಳಗಿನ ಉಳಿಕೆ. ಜೊತೆಗೆ ಕಾಫಿಯ ಬದಲು ಜೀರಿಗೆ, ಕೊತ್ತಂಬರಿ ಹುರಿದು ಪುಡಿಮಾಡಿ ಹಾಲು ಬೆಲ್ಲ ಸೇರಿಸಿದ ಕಷಾಯ ಸಿಕ್ಕರೆ ಬಿಡಬೇಡಿ. ರಥಬೀದಿಯ ಅಂಚಿನಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು, ಕೊರಳ ತುಂಬ ಮಣಿಸರ ಧರಿಸಿ, ತಾವೇ ಬೆಳೆದ ಬಸಳೆ, ಹರಿವೆ, ಬದನೆಯನ್ನು ಮಾರಲು ಕೂತಿರುತ್ತಾರೆ. ಅಡುಗೆ ಮಾಡಿಕೊಳ್ಳಲು ಸೌಕರ್ಯವಿರುವ ಮನೆಯಲ್ಲಿ ತಂಗಿದವರಿಗೆ ಇದಕ್ಕಿಂತ ಒಳ್ಳೆಯ ಸಂತೆ ಬೇಕಿಲ್ಲ.

ಮಧ್ಯಾಹ್ನದ ಊಟವನ್ನು ಪೇಟೆಯಲ್ಲಿಯೇ ಮುಗಿಸಿ. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಸಸ್ಯಾಹಾರವೇ ರೂಢಿ, ಅಲ್ಲಿ ಮೀನು ಮದ್ಯ ಹುಡುಕಬಾರದು. ಆದರೆ ಫಲಕದಲ್ಲಿ ಬರೆದಿರುವ ಊಟಕ್ಕೆ ತೃಪ್ತರಾಗದೆ, ಅಪ್ಪೆಹುಳಿ, ತಂಬುಳಿ ಇದೆಯೇ ಎಂದು ಕೇಳಿ. ಹವ್ಯಕರ ಮನೆಗಳ ಈ ಅಡುಗೆ ಎಲ್ಲ ಹೋಟೆಲುಗಳಲ್ಲೂ ಇರುವುದಿಲ್ಲ, ಇದ್ದರೂ ಕೇಳದಿದ್ದರೆ ಬಡಿಸುವುದಿಲ್ಲ. ಬೇಯಿಸಿದ ಹುಳಿಮಾವನ್ನು ಕಿವುಚಿ, ನೀರು ಉಪ್ಪು ಬೆರೆಸಿ, ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟ ಅಪ್ಪೆಹುಳಿಯನ್ನು ಅನ್ನಕ್ಕೆ ಸುರಿದುಕೊಳ್ಳುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಹೆಚ್ಚು. ಕುಡಿದ ಅರ್ಧ ಗಂಟೆಯಲ್ಲಿ ಕಣ್ಣು ಎಳೆಯುತ್ತದೆ, ಆದ್ದರಿಂದ ಊಟದ ಬಳಿಕ ಒಂದು ನಿದ್ದೆಗೆ ಎಡೆಯಿರಲಿ. ಸಿಹಿಗೆ ಕಬ್ಬಿನ ಹಾಲು ಮತ್ತು ಅಕ್ಕಿಹಿಟ್ಟಿನ ತೆಳುವಾದ ಹಾಳೆಯಂಥ ತೊಡೆದೇವನ್ನು ಅಂಗಡಿಗಳಲ್ಲಿ ವಿಚಾರಿಸಿ. ಮಕ್ಕಳಿದ್ದರೆ ಪೇಟೆಯ ಬೀಚಿನ ದಾರಿಯಲ್ಲಿರುವ ಪ್ರೇಮಾ ಹೋಟೆಲಿನ ಗಡ್‌ಬಡ್ ಐಸ್‌ಕ್ರೀಂ ಅವರನ್ನು ಸುಮ್ಮನಾಗಿಸುತ್ತದೆ.

ಬಿಸಿಲು ಇಳಿದ ಮೇಲೆ ದಕ್ಷಿಣಕ್ಕೆ ನಡೆಯಿರಿ

ಮೂರೂವರೆಯ ಸುಮಾರಿಗೆ ಹೊರಡಿ. ಪೇಟೆಯ ದಂಡೆಯ ದಕ್ಷಿಣ ತುದಿಯಿಂದ ಗುಡ್ಡವೇರಿದರೆ ರಾಮತೀರ್ಥದ ಒರತೆ; ಅದನ್ನು ದಾಟಿ ಜಂಬಿಟ್ಟಿಗೆಯ ಬೋಳುಬಯಲಿನ ಮೇಲೆ ನಡೆದು ಕೂಡ್ಲೆಗೆ ಇಳಿಯಬಹುದು. ಕೂಡ್ಲೆಯ ಇನ್ನೊಂದು ತುದಿಯಿಂದ ಮತ್ತೆ ಗುಡ್ಡ ಹತ್ತಿ ಇಳಿದರೆ ಓಂ ಬೀಚು, ಆರಾಮವಾಗಿ ನಡೆದರೂ ಅರ್ಧ ಗಂಟೆ ಸಾಕು. ಓಂಕಾರದ ಆಕಾರ ಮರಳಿನ ಮೇಲೆ ನಿಂತವರಿಗೆ ಕಾಣುವುದಿಲ್ಲ; ನಡುವಿನ ಬಂಡೆಯಿಂದ ಎರಡು ಕಮಾನುಗಳಾಗಿ ಒಡೆದ ದಂಡೆಯನ್ನು ನೋಡಲು ಮೇಲಿನ ರಸ್ತೆ ಮುಗಿಯುವಲ್ಲಿ, ಮೆಟ್ಟಿಲಿಳಿಯುವ ಮುನ್ನ ನಿಲ್ಲಬೇಕು. ಅಲ್ಲಿಂದಾಚೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಹೋಗುವ ಕಾಲುದಾರಿ ಬಂಡೆಗಳ ಅಂಚಿನಲ್ಲಿ ಸಾಗುತ್ತದೆ, ರಾತ್ರಿ ಅಲ್ಲಿ ಬೆಳಕಿಲ್ಲ. ಅದನ್ನು ಸಂಜೆ ಆರಂಭಿಸಬೇಡಿ. ಮರುದಿನ ಬೆಳಿಗ್ಗೆ ಬೂಟು ಹಾಕಿ, ನೀರಿನ ಬಾಟಲಿ ಹಿಡಿದು ಹೋಗಿ, ಇಲ್ಲವೇ ಓಂ ಬೀಚಿನಿಂದ ದೋಣಿ ಹಿಡಿಯಿರಿ.

ಈಜುವ ವಿಷಯದಲ್ಲಿ ಧೈರ್ಯಕ್ಕಿಂತ ಅಂಜಿಕೆ ಲೇಸು. ಅಲೆ ಹಿಂದೆ ಸರಿಯುವಾಗಿನ ಸೆಳೆತ ದಡದಿಂದ ಕಣ್ಣಿಗೆ ಬೀಳುವುದಿಲ್ಲ, ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಸೆಲ್ಫಿಗೆಂದು ಬಂಡೆಯ ತುದಿಗೆ ಹೋದವರು ಅಲೆಗೆ ಸಿಲುಕಿ ಪ್ರಾಣ ಕಳೆದುಕೊಂಡ ಸುದ್ದಿ ಈ ಕರಾವಳಿಯಿಂದ ಮತ್ತೆ ಮತ್ತೆ ಬರುತ್ತದೆ. ಜೀವರಕ್ಷಕರು ಬೇಡವೆಂದ ಕಡೆ ನೀರಿಗಿಳಿಯಬೇಡಿ, ಕುಡಿದಿದ್ದರಂತೂ ಮೊಣಕಾಲ ಮಟ್ಟದ ನೀರೂ ಬೇಡ.

ರಾತ್ರಿಯ ಊಟಕ್ಕೆ ಓಂ ಬೀಚಿನ ಹಳೆಯ ನಮಸ್ತೆ ಕೆಫೆ ಅಥವಾ ಕೂಡ್ಲೆಯ ಯಾವುದಾದರೂ ಗುಡಿಸಲು ಹೋಟೆಲು ಆಗಬಹುದು. ಇಲ್ಲಿಗೆ ಇಸ್ರೇಲಿನ ಪ್ರವಾಸಿಗರು ಬಹಳ ಬರುತ್ತಿದ್ದುದರಿಂದ ಹಮ್ಮಸ್, ಫಲಾಫೆಲ್, ಶಕ್ಷೂಕಗಳನ್ನು ಅಡುಗೆಯವರು ಕೈಪಳಗಿ ಮಾಡುತ್ತಾರೆ. ಪಿಜ್ಜಾಕ್ಕಿಂತ ಅವುಗಳ ಮೇಲೆ ಭರವಸೆಯಿಡಬಹುದು. ಮೀನು ಬೇಕೆಂದರೆ ಹೆಸರು ಹೇಳುವ ಮೊದಲು ಇಂದು ಏನು ಬಂದಿದೆ ಎಂದು ಕೇಳಿ, ತೋರಿಸಲು ಹೇಳಿ, ತೂಕಕ್ಕೆ ದರ ನಿಗದಿ ಮಾಡಿಕೊಂಡೇ ಒಲೆಗೆ ಕಳಿಸಿ.

ಎರಡನೆಯ ದಿನ ಅಳಿವೆಯ ಕಡೆಗೆ ತಿರುಗಿ

ನನ್ನ ಮಟ್ಟಿಗೆ ಈ ಪ್ರವಾಸದ ತಿರುಳು ಇಲ್ಲಿದೆ. ಆಟೊ ಅಥವಾ ಬಾಡಿಗೆ ಸ್ಕೂಟರಿನಲ್ಲಿ ಸಾಣಿಕಟ್ಟಾಕ್ಕೆ ಹೋಗಿ. ಬೇಸಿಗೆಯ ತಿಂಗಳುಗಳಲ್ಲಿ ಇಲ್ಲಿ ಅಘನಾಶಿನಿಯ ಉಪ್ಪುನೀರನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾಯಿಸುತ್ತ, ಬಿಸಿಲಿಗೆ ಇಂಗಿಸಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಉದ್ದ ಹಿಡಿಯ ಹಲಗೆಯಿಂದ ದಂಡೆಗೆ ಎಳೆದು ರಾಶಿ ಹಾಕುತ್ತಾರೆ. ರಾಶಿಯಿಂದ ನೀರು ಬಸಿದುಹೋಗುವವರೆಗೂ ಹರಳುಗಳು ಮಾಸಲು ಬಣ್ಣದಲ್ಲಿರುತ್ತವೆ, ಅಂಗಡಿಯ ಬಿಳಿಪು ಅವಕ್ಕಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರು ಒಂದು ಚೀಲ ಕೊಂಡುಕೊಳ್ಳುವುದು ಲಾಭ. ಸುತ್ತಲಿನ ಗಜನಿ ಭೂಮಿಯಲ್ಲಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ, ಮಳೆಗಾಲಕ್ಕೆ ಉಪ್ಪುನೀರು ಸಹಿಸುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ನುಗ್ಗಿ ಸಿಗಡಿ, ಮೀನು ಬೆಳೆಯುತ್ತವೆ.

ಅಲ್ಲಿಂದ ತದಡಿಗೆ ಹೋಗಿ. ಮೀನುಗಾರಿಕೆ ಬಂದರಾದ ತದಡಿಯನ್ನು ಬೆಳಿಗ್ಗೆಯೇ ನೋಡಬೇಕು, ದೋಣಿಗಳಿಂದ ಬುಟ್ಟಿಗಳು ಇಳಿಯುವುದು ಆಗಲೇ. ಇಳಿತದ ಹೊತ್ತು ಹೊಂದಿದರೆ ಅಳಿವೆಯಲ್ಲಿ ಸೊಂಟಮಟ್ಟದ ನೀರಿಗಿಳಿದು ಕೈಯಿಂದಲೇ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರನ್ನು ಕಾಣಬಹುದು. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಹಿಂದಿನ ದಿನವೇ ಸ್ಥಳೀಯರನ್ನು ಕೇಳಿಟ್ಟುಕೊಳ್ಳಿ. ಮಧ್ಯಾಹ್ನ ಇದೇ ದಾರಿಯ ಅಥವಾ ಹೆದ್ದಾರಿಯ ಸಣ್ಣ ಮೀನೂಟದ ಹೋಟೆಲಿನಲ್ಲಿ ಕೂರಿ. ಬಳಚಿನ ಸುಕ್ಕಾ, ನೊಗ್ಲಿ ಮೀನಿನ ರವಾ ಫ್ರೈ, ಕುಚ್ಚಲಕ್ಕಿ ಅನ್ನಕ್ಕೆ ಬಂಗಡೆ ಸಾರು. ಆ ಸಾರಿನಲ್ಲಿ ಜುಮ್ಮನಕಾಯಿ ಇಡಿಯಾಗಿ ತೇಲುತ್ತಿರುತ್ತದೆ. ಅದು ಘಮಕ್ಕೆ ಹಾಕಿದ್ದು, ಅಗಿದರೆ ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ, ತಟ್ಟೆಯ ಅಂಚಿಗೆ ಸರಿಸಿ. ಕೊನೆಗೆ ಕೋಕಂ ಮತ್ತು ತೆಂಗಿನಹಾಲಿನ ಸೋಲ್ ಕಡಿ ಕುಡಿದರೆ ಖಾರ ಇಳಿಯುತ್ತದೆ.

ಮರಳುವ ದಾರಿ

ಸಂಜೆಗೆ ಸಮಯ ಉಳಿದರೆ ಗೋಕರ್ಣದಿಂದ ಸುಮಾರು 20 ಕಿಲೋಮೀಟರ್ ದೂರದ ಮಿರ್ಜಾನ್ ಕೋಟೆಗೆ ಹೋಗಬಹುದು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿದ್ದ ಈ ಜಂಬಿಟ್ಟಿಗೆಯ ಕೋಟೆ ಮಳೆಗಾಲ ಮುಗಿದ ಹೊಸತರಲ್ಲಿ ಪಾಚಿಯಿಂದ ಹಸಿರಾಗಿ ನಿಂತಿರುತ್ತದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿಯೆಂದು ಕರೆದಿದ್ದರು. ಯಾಣದ ಬಂಡೆಗಳನ್ನು ಇದೇ ದಿನಕ್ಕೆ ತುರುಕಬೇಡಿ, ಅದಕ್ಕೆ ಬೇರೆಯೇ ದಿನ ಬೇಕು. ರಾತ್ರಿ ರೈಲು ಹಿಡಿಯುವವರು ಗೋಕರ್ಣ ರೋಡ್ ನಿಲ್ದಾಣಕ್ಕೆ ಆಟೊವನ್ನು ಮಧ್ಯಾಹ್ನವೇ ಗೊತ್ತುಮಾಡಿ, ದರ ಮಾತಾಡಿಕೊಂಡು, ಚಾಲಕರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಕತ್ತಲಾದ ಮೇಲೆ ಕೂಡ್ಲೆಯ ಮೇಲಿನ ರಸ್ತೆಯಲ್ಲಿ ನಿಂತು ಕಾದರೆ ಸಿಗುವ ಆಟೊಗಳು ಕಡಿಮೆ, ಸಿಕ್ಕ ಆಟೊದ ದರ ಹೆಚ್ಚು.