ಕಂದು ಚುಕ್ಕೆ ಎಷ್ಟಿವೆ ಅನ್ನೋದಲ್ಲ, ಎಲ್ಲಿವೆ ಅನ್ನೋದು

ನಾನು ಹುಬ್ಬಳ್ಳಿಯಲ್ಲಿ ಪೆಥಾಲಜಿ ನೋಡುತ್ತೇನೆ. ಗದಗ, ಹಾವೇರಿ ಕಡೆಯಿಂದಲೂ ಸ್ಯಾಂಪಲ್ ಬರುತ್ತವೆ. ಗುದದ್ವಾರದ ತುಣುಕು ಅಂದರೆ ಚೀಟಿಯ ಮೇಲೆ ಬಹುತೇಕ ಒಂದೇ ಪದ: ಪೈಲ್ಸ್. ನಮ್ಮ ಕಡೆ ಆ ಜಾಗಕ್ಕೆ ಏನೇ ಆದರೂ ‘ಮೂಲವ್ಯಾಧಿ ಆಗೇತ್ರಿ’ ಅನ್ನುವುದೇ ರೂಢಿ. ಬೇರೆ ಏನೂ ಹೇಳಲು ನಾಚಿಕೆ.

ಆವತ್ತಿನ ಚೀಟಿಯ ಮೂಲೆಯಲ್ಲಿ ಮಾತ್ರ ‘ಎಆರ್‌ಟಿ ತಗೊಳ್ತಿದ್ದಾರೆ’ ಅಂತ ಸಣ್ಣಕ್ಷರದಲ್ಲಿತ್ತು, ಅಂದರೆ ಎಚ್‌ಐವಿ ಔಷಧಿ. ಆ ಸಾಲು ಇಲ್ಲದಿದ್ದರೆ ಸ್ಲೈಡನ್ನು ಅಷ್ಟು ಹೊತ್ತು ನೋಡುತ್ತಿರಲಿಲ್ಲ, ನಿಜ ಹೇಳಬೇಕಲ್ವಾ.

ಎಚ್‌ಐವಿ ಇರುವವರ ಮೈಯಿಂದ ಎಚ್‌ಪಿವಿ ವೈರಸ್ ಸುಲಭಕ್ಕೆ ತೊಲಗುವುದಿಲ್ಲ. ಗುದದ್ವಾರದ ಕ್ಯಾನ್ಸರಿಗೆ ಬಹುಪಾಲು ಇದೇ ಕಾರಣ. ಅದರಲ್ಲೂ 16ನೇ ಬಗೆ ಜಾಸ್ತಿ ಅಪಾಯಕಾರಿ. ಅದರ ಇ7 ಪ್ರೋಟೀನ್ ಜೀವಕೋಶದ ಆರ್‌ಬಿ ಅನ್ನುವ ಬ್ರೇಕನ್ನು ಕೆಡಿಸುತ್ತದೆ. ಬ್ರೇಕ್ ಹೋದ ಕೋಶ ಒಂದು ಎರಡಾಗುತ್ತಾ, ಎರಡು ನಾಲ್ಕಾಗುತ್ತಾ ಹೋಗುತ್ತದೆ. ಹೀಗೆ ವಿಭಜನೆಗೆ ಇಳಿದ ಕೋಶವನ್ನು ಕೆಐ-67 ಅನ್ನುವ ಬಣ್ಣ ಕಂದು ಚುಕ್ಕೆಯಾಗಿ ತೋರಿಸುತ್ತದೆ. ಸುಮ್ನೆ ಕೂತ ಕೋಶ ಈ ಬಣ್ಣ ಹಿಡಿಯುವುದಿಲ್ಲ. ಹೆಸರು ಬಂದದ್ದು ಜರ್ಮನಿಯ ಕೀಲ್ ಊರಿನಿಂದ. 67 ಅನ್ನುವುದು ಅದನ್ನು ತಯಾರಿಸಿದ ಕೋಶಗಳು ಲ್ಯಾಬ್ ತಟ್ಟೆಯಲ್ಲಿದ್ದ ಗುಳಿಯ ಸಂಖ್ಯೆ.

ಮಾಮೂಲಿ ಸ್ಲೈಡಿನಲ್ಲಿ ಕೋಶಗಳ ಬದಲಾವಣೆ ಕಡಿಮೆ ದರ್ಜೆಯೋ, ಕ್ಯಾನ್ಸರಿಗೆ ಹತ್ತಿರದ ಹೆಚ್ಚಿನ ದರ್ಜೆಯೋ ತಿಳಿಯಲಿಲ್ಲ. ಕೆಐ-67, ಜೊತೆಗೆ ಆ ಬ್ರೇಕ್ ಕೆಟ್ಟಾಗ ಹೆಚ್ಚುವ ಪಿ16 ಪ್ರೋಟೀನನ್ನು ತೋರಿಸುವ ಬಣ್ಣ, ಎರಡನ್ನೂ ಹಾಕಿಸಿದೆ. ಮೊದಲ ಸಲ ಬಣ್ಣ ಹಿಡಿಯಲೆಂದು ಕುಕ್ಕರಿನಲ್ಲಿ ಕುದಿಸುವಾಗ ತುಣುಕು ಸ್ಲೈಡಿನಿಂದ ಎದ್ದೇ ಹೋಯಿತು. ಅಂಟಿನ ಲೇಪನವಿಲ್ಲದ ಸ್ಲೈಡ್ ಎತ್ತಿ ಕೊಟ್ಟಿದ್ದು ನಾನೇ. ಎರಡನೇ ಸಲ ಸರಿಯಾಯಿತು.

ಕಣ್ಣಿಟ್ಟೆ. ಗುದದ್ವಾರದ ಪದರದ ತಳದಿಂದ ಮೇಲಿನವರೆಗೂ ಕಂದು ಚುಕ್ಕೆಗಳು. ಆರೋಗ್ಯವಾಗಿರುವ ಪದರದಲ್ಲಿ ಅವು ತಳದ ಒಂದೆರಡು ಸಾಲಿನಲ್ಲೇ ಇರಬೇಕು. ಹೆಚ್ಚಿನ ದರ್ಜೆ ಅಂತ ಬರೆಯಲು ಪೆನ್ನು ಎತ್ತಿದ್ದೆ. ಆದರೆ ಪಿ16 ಹೊಂದುತ್ತಿರಲಿಲ್ಲ. ಹೆಚ್ಚಿನ ದರ್ಜೆಯಾಗಿದ್ದರೆ ಅದು ತಳದಿಂದ ಗೋಡೆ ಬಳಿದಂತೆ ಒತ್ತಾಗಿ ಬರಬೇಕು. ಇಲ್ಲಿ ಅಲ್ಲೊಂದು ಇಲ್ಲೊಂದು ತೇಪೆ.

ಮತ್ತೆ ನೋಡಿದೆ. ಪದರದ ನಡುವೆ ದುಂಡು ದುಂಡಾದ ಚಿಕ್ಕ ದ್ವೀಪಗಳು, ಅವುಗಳೊಳಗೆ ರಕ್ತನಾಳ. ಅದು ಅಡಿಯ ಅಂಗಾಂಶ. ಅಂದರೆ ತುಣುಕು ಓರೆಯಾಗಿ ಕೊಯ್ದುಹೋಗಿದೆ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಸಿಪ್ಪೆ ದಪ್ಪ ಕಾಣುವುದಿಲ್ಲವೇ, ಹಾಗೆ. ತಳದ ಸಾಲೇ ಅಗಲವಾಗಿ ಹರಡಿ ಮೇಲಿನವರೆಗೂ ಬಂದಂತೆ ತೋರಿತ್ತು. ಜೊತೆಗೆ ಉರಿಯೂತಕ್ಕೆ ನುಗ್ಗಿದ ಬಿಳಿ ರಕ್ತಕಣಗಳಲ್ಲೂ ಕೆಲವು ಕಂದಾಗಿದ್ದವು. ಅವನ್ನೂ ಲೆಕ್ಕಕ್ಕೆ ಹಿಡಿದಿದ್ದೆ.

ಮೇಣದ ಬ್ಲಾಕ್ ಕರಗಿಸಿ, ತುಣುಕನ್ನು ಲೆನ್ಸ್ ಕೆಳಗೆ ಅಂಚಿನ ಮೇಲೆ ನಿಲ್ಲಿಸಿ, ಮತ್ತೆ ಮೇಣಕ್ಕೆ ಕೂರಿಸಿದೆವು. ಅಕ್ಕಿಕಾಳಿಗಿಂತ ಚಿಕ್ಕದು, ಚಿಮಟ ಹಿಡಿದ ಕೈ ನಡುಗುತ್ತದೆ. ಈ ಸಲ ಪದರ ತಳದಿಂದ ಮೇಲ್ಮೈವರೆಗೆ ನೆಟ್ಟಗೆ ನಿಂತಿತ್ತು. ಕಂದು ಚುಕ್ಕೆಗಳು ಬಹುತೇಕ ಕೆಳಗಿನ ಮೂರನೇ ಒಂದು ಭಾಗದಲ್ಲೇ. ಮೇಲ್ಗಡೆ ವೈರಸ್ ಹಿಡಿದ ಗುಳ್ಳೆಯಂಥ ಕೋಶಗಳು. ಕಡಿಮೆ ದರ್ಜೆ ಅಂತ ಬರೆದೆ.

ಈ ಎರಡು ಪದಗಳ ನಡುವೆ ದೊಡ್ಡ ಅಂತರವಿದೆ. 35 ದಾಟಿದ ಎಚ್‌ಐವಿ ಇರುವವರಲ್ಲಿ ಹೆಚ್ಚಿನ ದರ್ಜೆಯ ಗಾಯವನ್ನು ಮೊದಲೇ ತೆಗೆದರೆ ಕ್ಯಾನ್ಸರ್ 57% ಕಡಿಮೆಯಾಗುತ್ತದೆ ಅಂತ 2022ರಲ್ಲಿ ಬಂದ ಆ್ಯಂಕರ್ ಅಧ್ಯಯನ ತೋರಿಸಿತು. ಹಾಗಾಗಿ ಅದು ಕೈಬಿಡುವಂಥದ್ದಲ್ಲ. ಆದರೆ ಕಡಿಮೆ ದರ್ಜೆಗೆ ಸಾಮಾನ್ಯವಾಗಿ ಕಾದು ನೋಡುವುದು. ನನ್ನ ಪೆನ್ನು ಎಡವಿದ್ದರೆ ಆ ಮನುಷ್ಯನಿಗೆ ಬೇಡದ ಜಾಗದಲ್ಲಿ, ಗಾಯ ತೆಗೆಯಲೆಂದು ಬೇಡದ ಸುಡುವಿಕೆ.

ಸರ್ಜನ್‌ಗೆ ಫೋನ್ ಮಾಡಿ ಒಂದೇ ಬೇಡಿಕೆ ಇಟ್ಟೆ. ತುಣುಕನ್ನು ನೇರವಾಗಿ ಫಾರ್ಮಾಲಿನ್‌ಗೆ ಹಾಕಬೇಡಿ, ಅಲ್ಲಿ ಮುದುಡಿಕೊಳ್ಳುತ್ತದೆ. ಮೊದಲು ಚಿಕ್ಕ ಫಿಲ್ಟರ್ ಪೇಪರ್ ಮೇಲೆ, ಮೇಲ್ಮೈ ಮೇಲಾಗಿ ಅಂಟಿಸಿ. ‘ಅಷ್ಟ ಏನ್ರೀ?’ ಅಂದರು. ಮುಂದಿನ ವಾರ ಬಂದ ಡಬ್ಬಿಯಲ್ಲಿ ಪೇಪರ್ ಇತ್ತು, ಅದರ ಮೇಲೆ ತುಣುಕು ಚಪ್ಪಟೆಯಾಗಿ ಮಲಗಿತ್ತು. ಪಕ್ಕದಲ್ಲಿ ಪೆನ್ಸಿಲ್‌ನಿಂದ ಪುಟ್ಟ ಬಾಣದ ಗುರುತು.