ಅಸಲು, ಮೇಲೆ ಐದರಲ್ಲೊಂದು ಪಾಲು: ನನ್ನ ಅನುಭವ

ಭಕ್ತಿ ಹೊಸದಾಗಲಿ ಅಂತ ನಮ್ಮ ಕ್ರೈಸ್ತರು ನಡೆಸುವ ಉಜ್ಜೀವನ ಕೂಟಗಳಲ್ಲಿ ನಾನು ಅತ್ತಿದ್ದಕ್ಕೆ ಲೆಕ್ಕವಿಲ್ಲ. ಕಲಬುರಗಿಯಲ್ಲಿ ಅತ್ತೆ, ಬೀದರಿನಲ್ಲಿ ಅತ್ತೆ, ಧಾರೂರಿನ ಕ್ರೈಸ್ತ ಜಾತ್ರೆಗೆ ಹೋಗಿ ಅಲ್ಲೂ ಅತ್ತೆ. ಪಾಸ್ಟರ್ ತಲೆ ಮೇಲೆ ಕೈಯಿಟ್ಟಾಗ ಹಗುರ ಅನಿಸುತ್ತಿತ್ತು. ಸೋಮವಾರ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬಂದು ಕಾಟಾ (ತೂಕದ ಯಂತ್ರ) ಮುಂದೆ ನಿಂತರೆ ಮತ್ತೆ ಅದೇ ಭಾರ.

ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತ್ ಅಂಗಡಿಯೊಂದರಲ್ಲಿ ತೂಕ ಮಾಡುತ್ತಿದ್ದೆ. ತೊಗರಿ ಸೀಸನ್‌ನಲ್ಲಿ ಚೀಲಕ್ಕೆ ಅರ್ಧ ಕಿಲೋ, ಒಮ್ಮೊಮ್ಮೆ ಒಂದು ಕಿಲೋ ತೂಕದಲ್ಲಿ ರೈತರಿಂದ ಹಾರಿಸುತ್ತಿದ್ದೆ. ಅದೆಲ್ಲ ಸಂಜೆ ಬಾಟಲಿಗೆ ಹೋಗುತ್ತಿತ್ತು.

ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಅನ್ನುವ ಬೈಬಲ್ ವಚನ, 1 ಯೋಹಾನ 1:9, ನಿಮಗೂ ಬಾಯಿಪಾಠ, ನನಗೂ. ಕ್ಷಮೆ ಸಿಕ್ಕಿದೆ ಅಂತ ನಂಬಿದ್ದೆ. ಆದರೂ ಜೇವರ್ಗಿ ಕಡೆಯ ರೈತರು ಎದುರು ಬಂದರೆ ಮುಖ ತಿರುಗಿಸುತ್ತಿದ್ದೆನಲ್ಲ, ಅದು ಹೋಗಲಿಲ್ಲ. ಮೋಸದಿಂದ ತಕ್ಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ ಲೂಕ 19ರ ಜಕ್ಕಾಯನಂತೆ ನಾನೂ ನಾಲ್ಕರಷ್ಟು ಕೊಡಲು ಹೊರಟೆ. ಒಬ್ಬಿಬ್ಬರಿಗೆ ಕೊಡುವಷ್ಟರಲ್ಲಿ ಕಿಸೆ ಖಾಲಿ, ಮಗಳ ಫೀಸು ಬಾಕಿ, ಹೆಂಡತಿ ಮಾತು ಬಿಟ್ಟಳು. ಜಕ್ಕಾಯ ಸುಂಕದವರ ಮುಖ್ಯಸ್ಥ, ಸಾಹುಕಾರ. ನಾನು ಪಗಾರದವ. ಹೊಸ ವರ್ಷದ ಹಿಂದಿನ ರಾತ್ರಿಯ ವಾಚ್ ನೈಟ್ ಆರಾಧನೆಯ ದಿನ ಪಾಪಗಳನ್ನು ಚೀಟಿಯಲ್ಲಿ ಬರೆದು ಸುಟ್ಟೂ ನೋಡಿದೆ. ಚೀಟಿ ಸುಟ್ಟಿತು, ಅಷ್ಟೇ.

ಆಮೇಲೆ ಬೈಬಲಿನ ಅರಣ್ಯಕಾಂಡ 5ನೇ ಅಧ್ಯಾಯ ಹಿಡಿದೆ. ಅಸಲು, ಅದರ ಮೇಲೆ ಐದರಲ್ಲೊಂದು ಪಾಲು. ನೂರಕ್ಕೆ ನೂರಿಪ್ಪತ್ತು. ಇದು ಆಗುವ ಮಾತು ಅನಿಸಿತು. ಸಭೆಯ ಹಿರಿಯರೊಬ್ಬರು, "ಕೃಪೆಯಿಂದ ರಕ್ಷಣೆ ಅಂತಾರ, ನೀ ಕಂತು ಕಟ್ಟಾಕ ಹೊಂಟೀಯಲ್ಲೋ ತಮ್ಮಾ" ಅಂತ ನಕ್ಕರು. ನಾನು ಕಂತು ಕಟ್ಟುತ್ತಿದ್ದದ್ದು ತೊಗರಿಗೆ, ರಕ್ಷಣೆಗಲ್ಲ.

ಹಳೆ ನೋಟ್‌ಬುಕ್ ತೆಗೆದು ಕೂತೆ. ಇವತ್ತಿನ ದರವನ್ನೇ ಹಿಡಿದೆ. ಅಸಲು ಅಂದಾಜು 60 ಸಾವಿರ, ಮೇಲೆ 12 ಸಾವಿರ. ಬೈಕ್ ಮಾರಿದ್ದಕ್ಕೆ 28 ಸಾವಿರವೋ 30 ಸಾವಿರವೋ ಬಂತು. ಉಳಿದದ್ದು ಕುಡಿತ ಬಿಟ್ಟ ದುಡ್ಡು. ಅಷ್ಟು ಕುಡಿಯುತ್ತಿದ್ದೆ ಅಂತ ಆಗಲೇ ಗೊತ್ತಾಗಿದ್ದು!

ಆಳಂದದ ಕಾಕಾ ಒಬ್ಬರು ಎಣಿಸಿ ನೋಡಿ, "ಇನ್ನಾ ಬರಬೇಕಲ್ಲ" ಅಂದರು. ಕೊಟ್ಟೆ. ಚಿತ್ತಾಪುರ ಕಡೆಯ ಆಯಿ ರೊಕ್ಕ ಮುಟ್ಟಲೇ ಇಲ್ಲ. ರೊಟ್ಟಿ, ಪುಂಡಿಪಲ್ಯ ಉಣ್ಣಿಸಿದರು. ಹೊರಡುವಾಗ ಮೊಮ್ಮಗನ ಕೈಗೆ ಕೊಟ್ಟು ಬಂದೆ. ಇನ್ನೊಬ್ಬರು ಗಂಜ್ ತುಂಬಾ ಹೇಳಿಬಿಟ್ಟರು. ಅಂಗಡಿಯವರು ಮರುದಿನವೇ ನನ್ನನ್ನು ಬಿಡಿಸಿದರು. ನಾಲ್ಕೈದು ತಿಂಗಳು ಮನೆ ನಡೆಸಿದ್ದು ಹೆಂಡತಿಯ ಹೊಲಿಗೆ ಮಷಿನ್.

ತೀರಿಹೋದವರ ಪಾಲನ್ನು ವಾರಸುದಾರರಿಗೆ ಕೊಟ್ಟೆ. ಯಾರೂ ಇಲ್ಲದವರದ್ದು ಏನು ಮಾಡಬೇಕು ಅಂತ ಅದೇ ಅಧ್ಯಾಯದ 8ನೇ ವಚನದಲ್ಲಿದೆ: ಅದು ಕರ್ತನಿಗೆ, ಯಾಜಕನ ಕೈಗೆ. ಹಾಗಾಗಿ ಅದನ್ನು ಕಾಣಿಕೆ ಚೀಲಕ್ಕೆ ಹಾಕಿದೆ. ರೈತರ ಬಾಗಿಲಲ್ಲಿ ನಿಂತು ಮೊದಲ ಮಾತು ಏನು ಆಡಬೇಕು ಅನ್ನುವುದೇ ಇದರಲ್ಲಿ ಕಷ್ಟದ ಕೆಲಸ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿಜವಾಗಿ ಹೊರಟವರು ಬಂದು ಕೇಳಲಿ, ಹೇಳುತ್ತೇನೆ.

ಮತ್ತೆ ಜಾರದಂತೆ ಕಾದದ್ದು ಕ್ಲಾಸ್ ಮೀಟಿಂಗ್, ಅಂದರೆ ಕೆಲವೇ ಜನ ಕೂಡಿ ತಮ್ಮ ನಡತೆಯ ಲೆಕ್ಕ ಒಪ್ಪಿಸುವ ಕೂಟ. ನಮ್ಮ ಮೆಥೋಡಿಸ್ಟ್ ಸಭೆಯವರಲ್ಲಿ ಇದು ಶುರುವಾದದ್ದೇ ಸಾಲ ತೀರಿಸಲು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರದ ಸಾಲಕ್ಕೆ ವಾರಕ್ಕೊಂದು ಪೆನ್ನಿ ಎತ್ತಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿದರು. ಮನೆಮನೆಗೆ ಹೋದಾಗ ಯಾರು ಕುಡಿಯುತ್ತಾರೆ, ಯಾರು ಜಗಳವಾಡುತ್ತಾರೆ ಎಲ್ಲ ತಿಳಿಯಿತು. ಮೆಥೋಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ ಅದನ್ನೇ ಆತ್ಮದ ವಿಚಾರಣೆಗೆ ಬಳಸಿಕೊಂಡರು. ನಾವು ಮೂವರೇ ಶನಿವಾರ ಕೂಡುತ್ತೇವೆ. ಸುಮ್ನೆ "ನಾನು ಪಾಪಿ" ಅಂದರೆ ಒಪ್ಪುವುದಿಲ್ಲ. ಯಾರಿಗೆ, ಎಷ್ಟು, ಯಾವಾಗ ಅಂತ ಹೇಳಬೇಕು. ಈಸ್ಟರ್‌ಗೆ ಮುಂಚಿನ ಶ್ರಮದಿನಗಳಲ್ಲಿ ಮೂವರೂ ಚಹಾ ಬಿಟ್ಟು ನೋಡಿದೆವು. ತಲೆನೋವು ಬಂತು, ಸಿಟ್ಟು ಜಾಸ್ತಿಯಾಯಿತು, ಚಹಾ ವಾಪಸ್ ಬಂತು.

ಈಗ ತೊಗರಿ ಹೊಟ್ಟಿನ ಸಣ್ಣ ಅಂಗಡಿ ಇಟ್ಟಿದ್ದೇನೆ. ಗಂಜ್‌ಗೆ ಹೋಗುವ ಮುಂಚೆ ರೈತರು ನನ್ನ ಕಾಟಾ ಮೇಲೆ ಚೀಲ ಇಟ್ಟು ನೋಡಿಕೊಂಡು ಹೋಗುತ್ತಾರೆ. ನಕ್ಕ ಹಿರಿಯರೂ ಮೊನ್ನೆ ಬಂದು ಅರಣ್ಯಕಾಂಡದ ಆ ವಚನ ಯಾವುದು ಅಂತ ಕೇಳಿದರು.

ಇನ್ನು ಮೂರ್ನಾಲ್ಕು ಹೆಸರು ಬಾಕಿ. ಒಬ್ಬರು ಯಾದಗಿರಿ ಕಡೆಯವರು, ಮುಂಬೈಗೆ ದುಡಿಯಲು ಹೋಗಿದ್ದಾರಂತೆ. ಫೋನ್‌ಪೇ ಮಾಡಿಬಿಡು ಅಂತಾಳೆ ಮಗಳು. ಬೇಡ ಅಂದಿದ್ದೇನೆ. ಯುಗಾದಿಗೆ ಊರಿಗೆ ಬರುತ್ತಾರಲ್ಲ, ಆಗ ಹೋಗುತ್ತೇನೆ.